ಬಣ್ಣ ಕಟ್ಟುತ್ತಿದ್ದ ಶರಣಬಸಮ್ಮ

ಶರಣಬಸಮ್ಮ ಹೈದರಾಬಾದಿಗೆ ಬಂದದ್ದು ಮರಳು ಹೊರುವ ಕೆಲಸಕ್ಕೆ. ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ವರ್ಷಗಳು ಅವು. ಚಿಂಚೋಳಿ ತಾಲ್ಲೂಕಿನಿಂದ ಗಂಡ ಹೆಂಡತಿ ಇಬ್ಬರೂ ಬಂದು ಮಣಿಕೊಂಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡರು. ಗಂಡ ಗೋಡೆ ಕಟ್ಟುವ ಗೌಂಡಿ. ಮೂರನೆಯ ವರ್ಷ ಕಾಮಾಲೆಯಾಗಿ ತೀರಿಕೊಂಡ. ಮಗಳು ಗುರುದೇವಿಗೆ ಆಗ ಏಳು ವರ್ಷ. ಶರಣಬಸಮ್ಮ ಊರಿಗೆ ಮರಳಲಿಲ್ಲ. "ಊರಿಗಿ ಹೋದ್ರ ಮೂಲ್ಯಾಗ ಕುಂದರಸ್ತಾರ್ರಿ. ಇಲ್ಲಿ ನನ್ನ ಹಣಿ ನೋಡಾಕ ಯಾರಿಗೂ ಪುರಸತ್ತಿಲ್ಲ" ಎಂದು ನಗುತ್ತಿದ್ದರು.

ಅವರು ಮರಳು ಹೊತ್ತು ಕಟ್ಟಿದ ಒಂದು ಎರಡಂತಸ್ತಿನ ಕಟ್ಟಡವನ್ನೇ ಡಾಕ್ಟರ್ ಶಿವಪ್ರಕಾಶ ಬಾಡಿಗೆಗೆ ಹಿಡಿದು ನಮ್ಮ ಕಂಪನಿ ಶುರು ಮಾಡಿದರು. ಅವರು ರಾಯಚೂರು ಕಡೆಯವರು, ಪರದೇಶದಲ್ಲಿ ಓದಿ ಬಂದವರು. ಕಟ್ಟಡ ಮುಗಿದ ಮೇಲೂ ಅಲ್ಲೇ ಕಸ ಗುಡಿಸುತ್ತಿದ್ದ ಹೆಂಗಸು ಕನ್ನಡದಲ್ಲಿ ಮಾತಾಡಿದ್ದು ಕೇಳಿ, ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಇಟ್ಟುಕೊಂಡರು. ಕಾಗದದಲ್ಲಿ ಅವರ ಹುದ್ದೆ ಹೆಲ್ಪರ್.

ನಮ್ಮ ಕಂಪನಿಯ ಕೆಲಸವನ್ನು ಊರಲ್ಲಿ ನಮ್ಮಪ್ಪನಿಗೆ ನಾನು ಹೀಗೆ ಹೇಳಿದ್ದೆ. ಮೈಯೊಳಗೆ ರೋಗದ ಕ್ರಿಮಿ ಹೊಕ್ಕರೆ ಅದನ್ನು ಗುರುತು ಹಿಡಿದು, ಅದಕ್ಕೇ ಹೋಗಿ ಅಂಟಿಕೊಳ್ಳುವ ಒಂದು ಬಗೆಯ ಪ್ರೋಟೀನು ರಕ್ತದಲ್ಲಿರುತ್ತದೆ. ಅದರ ಹೆಸರು ಆಂಟಿಬಾಡಿ. ಯಾವುದಕ್ಕೆ ಬೇಕೋ ಅದಕ್ಕೆ ಮಾತ್ರ ಅಂಟುವ ಆಂಟಿಬಾಡಿಯನ್ನು ಸಂಶೋಧಕರು ತಯಾರು ಮಾಡಿಸುತ್ತಾರೆ. ಆದರೆ ಅಂಟಿದ್ದು ಕಣ್ಣಿಗೆ ಕಾಣಬೇಕಲ್ಲ? ಅದಕ್ಕೇ ಅದಕ್ಕೊಂದು ಹೊಳೆಯುವ ಬಣ್ಣ ಕಟ್ಟಬೇಕು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕು ಬಿಟ್ಟರೆ, ಅದು ಎಲ್ಲಿ ಹೋಗಿ ಕೂತಿದೆಯೋ ಅಲ್ಲಿ ಹಸಿರಾಗಿ ಹೊಳೆಯುತ್ತದೆ. ಆ ಬಣ್ಣ ಕಟ್ಟಿಕೊಡುವುದು ನಮ್ಮ ಕೆಲಸ. ಅಪ್ಪ ಕೇಳಿ, "ಅಂದ್ರ ದನಕ್ಕ ಗಂಟಿ ಕಟ್ಟಿದಂಗ" ಅಂದಿದ್ದ. ನನ್ನ ಎಂ.ಎಸ್ಸಿ. ಪುಸ್ತಕಕ್ಕಿಂತ ಅದು ಚೆನ್ನಾಗಿತ್ತು.

ನಾನು ಸೇಡಂ ತಾಲ್ಲೂಕಿನವಳು. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದ ಮೊದಲನೆಯವಳು. ೨೦೦೫ರಲ್ಲಿ ಆ ಕಂಪನಿಗೆ ಸೇರಿದಾಗ ನನಗೆ ಕೊಟ್ಟದ್ದು ಕಾಗದದ ಕೆಲಸ: ಪ್ರತಿ ಬ್ಯಾಚಿನ ದಾಖಲೆ ಬರೆಯುವುದು, ಕೊಳ್ಳುವವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು. ಹಾಗಾಗಿ ಪ್ರತಿ ಬ್ಯಾಚು ಯಾರ ಕೈಯಲ್ಲಿ ಆಯಿತು ಎಂದು ನನಗೆ ಗೊತ್ತಿರುತ್ತಿತ್ತು. ದಾಖಲೆಯಲ್ಲಿ ಶಿವಪ್ರಕಾಶ ಸಾರ್ ಹೆಸರು ಇರುತ್ತಿತ್ತು. ಕೆಲಸ ಮಾಡುತ್ತಿದ್ದವರು ಶರಣಬಸಮ್ಮ.

ಅದು ಹಾಗಾದದ್ದಕ್ಕೆ ಕಾರಣ ಆ ದಿನಗಳೇ. ಎಂ.ಎಸ್ಸಿ. ಮಾಡಿದ ಹುಡುಗ ಹುಡುಗಿಯರು ನಮ್ಮಲ್ಲಿ ಆರು ತಿಂಗಳು ನಿಲ್ಲುತ್ತಿರಲಿಲ್ಲ. ಅಮೀರ್‌ಪೇಟೆಯಲ್ಲಿ ಮೂರು ತಿಂಗಳ ಕೋರ್ಸು ಮಾಡಿಕೊಂಡು ಸಾಫ್ಟ್‌ವೇರ್ ಟೆಸ್ಟಿಂಗಿಗೋ, ಅಮೆರಿಕದ ಡಾಕ್ಟರರ ಮಾತು ಕೇಳಿ ಟೈಪು ಮಾಡುವ ಕೆಲಸಕ್ಕೋ ಹೋಗಿಬಿಡುತ್ತಿದ್ದರು. ಶಾಮಲಾ ಎಂಬುವವರು ಹಾಗೆ ಹೋಗುವ ಮುಂಚೆ, ತಮ್ಮ ಕೈಕೆಳಗೆ ಗಾಜು ತೊಳೆಯುತ್ತಿದ್ದ ಶರಣಬಸಮ್ಮನಿಗೆ ಎಲ್ಲ ಹೇಳಿಕೊಟ್ಟು ಹೋದರು. ಮುಂದಿನವರು ಬರುವವರೆಗೆ ಎಂದು ಹೇಳಿಕೊಟ್ಟದ್ದು. ಮುಂದಿನವರು ಯಾರೂ ಬರಲಿಲ್ಲ.

ನಾನು ನೋಡಿದ ಹಾಗೆ ಆ ಕೆಲಸದಲ್ಲಿ ಓದಿಗಿಂತ ತಾಳ್ಮೆ ಹೆಚ್ಚು ಬೇಕು. ಬಣ್ಣದ ಪುಡಿ ಕೊರೆಯುವ ಫ್ರೀಜರಿನಲ್ಲಿರುತ್ತದೆ. ಸೀಸೆಯನ್ನು ಹೊರಗೆ ತೆಗೆದ ಕೂಡಲೇ ಬಿರಡೆ ಬಿಚ್ಚುವ ಹಾಗಿಲ್ಲ. ಹೊರಗಿನ ತೇವ ತಣ್ಣಗಿನ ಪುಡಿಯ ಮೇಲೆ ಕೂತರೆ ಬಣ್ಣ ಸತ್ತ ಹಾಗೆ. ನೋಡಲು ಹಾಗೇ ಹಳದಿ ಇರುತ್ತದೆ, ಆದರೆ ಆಂಟಿಬಾಡಿಗೆ ಸರಿಯಾಗಿ ಕಟ್ಟುವುದಿಲ್ಲ. ಶರಣಬಸಮ್ಮ ಸೀಸೆಯನ್ನು ಮುಂದೆ ಇಟ್ಟುಕೊಂಡು, ಅದರ ಚಳಿ ಬಿಡುವವರೆಗೆ ಪೂರಾ ಅರ್ಧ ತಾಸು ಕೂತಿರುತ್ತಿದ್ದರು. ಕಲೆಸಿದ ಮೇಲೆ ಬೆಳಕು ತಾಗದ ಹಾಗೆ ಬೆಳ್ಳಿ ಕಾಗದ ಸುತ್ತುವುದು, ಕಟ್ಟದೆ ಉಳಿದ ಬಣ್ಣವನ್ನು ಸೋಸಿ ತೆಗೆಯುವುದು. ಕೊನೆಗೆ ಪರೀಕ್ಷೆ: ಸ್ಲೈಡಿನ ಮೇಲಿನ ಜೀವಕೋಶಗಳನ್ನು ಗಾಜಿನ ಜಾರಿನೊಳಗೆ ಮೆಥನಾಲ್ ಎಂಬ ಸ್ಪಿರಿಟ್ಟಿನಲ್ಲಿ ಅದ್ದಿ, ಅವಕ್ಕೆ ನಮ್ಮ ಮಾಲು, ಅಂದರೆ ಬಣ್ಣ ಕಟ್ಟಿದ ಆಂಟಿಬಾಡಿ ಹಾಕಿ, ಹೊಳಪು ನೋಡುವುದು.

ಅದರ ಜೊತೆ ಅವರು ತಪ್ಪದೆ ಇನ್ನೊಂದು ಸ್ಲೈಡು ಮಾಡುತ್ತಿದ್ದರು. ಅದೇ ಜೀವಕೋಶ, ಅದೇ ಜಾರು, ಆದರೆ ನಮ್ಮ ಮಾಲು ಹಾಕದ್ದು. ಅದು ಕಪ್ಪಗೇ ಇರಬೇಕು. ಅದೂ ಹೊಳೆದರೆ ಎಲ್ಲೋ ಮೋಸವಿದೆ ಎಂದರ್ಥ. "ಇದು ಖಾಲಿ ಸ್ಲೈಡು ಅಲ್ರಿ ಅಕ್ಕೋರೆ, ಸಾಕ್ಷಿ ಹೇಳೋ ಸ್ಲೈಡು" ಅನ್ನುತ್ತಿದ್ದರು.

"ನನಗ ಅಕ್ಕೋರು ಅನಬ್ಯಾಡ್ರಿ ಬಸಮ್ಮಕ್ಕ, ನಾ ನಿಮ್ಮಕಿಂತ ಹದಿನೈದು ವರ್ಷ ಸಣ್ಣಾಕಿ."

"ಕುರ್ಚಿ ಮ್ಯಾಲ ಕುಂತೋರು ಎಲ್ಲಾ ಅಕ್ಕೋರೇ ಬಿಡ್ರಿ."

ಅವರಿಗೊಂದು ಆಸೆಯಿತ್ತು. ಟೆಕ್ನಿಷಿಯನ್ ಎಂದು ಕಾಗದದಲ್ಲಿ ತಮ್ಮ ಹೆಸರು ಬರಬೇಕು. ಸಾರ್ ಹತ್ತಿರ ಕೇಳಿದಾಗ, "ಹತ್ತನೇ ಕ್ಲಾಸಾದ್ರೂ ಪಾಸಾಗಿರಬೇಕು ಬಸಮ್ಮ" ಅಂದರಂತೆ. ಅದು ಸುಮ್ಮನೆ ತಳ್ಳಿಹಾಕಲು ಹೇಳಿದ ಮಾತು. ಇವರು ಹಿಡಿದುಬಿಟ್ಟರು. ಖಾಸಗಿಯಾಗಿ ಫೀ ಕಟ್ಟಿ, ಗುರುದೇವಿ ಪರೀಕ್ಷೆಗೆ ಕೂತ ವರ್ಷವೇ ತಾವೂ ಕೂತರು. ತಾಯಿ ಮಗಳು ಒಂದೇ ಪುಸ್ತಕ ಓದಿದರು. ಮಗಳು ಮೊದಲ ಸಲಕ್ಕೇ ಪಾಸಾದಳು, ತಾಯಿಗೆ ಗಣಿತ ಉಳಿಯಿತು. "ಮನ್ಯಾಗ ನನ್ನ ಮಗಳು ನನಗ ಪೆದ್ದಿ ಅಂತಾಳ್ರಿ, ಅದ ನನ್ನ ಖರೇ ಹೆಸರು ಅನ್ನೋಹಂಗ" ಎಂದು ಎಲ್ಲರ ಮುಂದೆ ಹೇಳಿ ನಗಿಸಿದರು. ೨೦೦೬ರ ಮಳೆಗಾಲದಲ್ಲಿ ಗಣಿತವೂ ಆಯಿತು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿಕೊಂಡು ತಂದು ಸಾರ್ ಮೇಜಿನ ಮೇಲಿಟ್ಟರು. ಸಾರ್‌ಗೂ ಖುಷಿಯೇ ಆಯಿತು ಅನಿಸುತ್ತದೆ. "ಆರ್ಡರ್ ಟೈಪ್ ಮಾಡಿಡು ವಿಜಯಶ್ರೀ. ದಸರಾ ಆದ ಮ್ಯಾಲ ಸಹಿ ಮಾಡ್ತೀನಿ" ಅಂದರು. ನಾನು ಅಂದೇ ಟೈಪು ಮಾಡಿದೆ.

ಆ ದಸರಾಕ್ಕೇ ಜರ್ಮನಿಯ ಒಬ್ಬ ದೊಡ್ಡ ಗಿರಾಕಿ ಸಿಕ್ಕಿದ್ದ. ಮೊದಲ ಬ್ಯಾಚಿನ ಚಿತ್ರಗಳನ್ನು ಹಬ್ಬದ ವಾರದಲ್ಲೇ ಕಳಿಸಬೇಕಿತ್ತು. ಆಯುಧಪೂಜೆಯ ಹಿಂದಿನ ದಿನ ಬಣ್ಣ ಕಟ್ಟುವುದೆಂದಾಯಿತು. ಪರದೇಶದ ಗಿರಾಕಿಯೆಂದು ಸಾರ್ ತಾವೇ ಕೂತರು. ಶರಣಬಸಮ್ಮ ಸೀಸೆ ತಂದು ಮುಂದಿಟ್ಟರು.

"ಇನ್ನ ಚಳಿ ಬಿಟ್ಟಿಲ್ರಿ ಸರ್. ಅರ್ಧ ತಾಸು ತಡೀರಿ."

"ಪೂಜಾ ಸಾಮಾನ ತರಾಕ ಅಬಿಡ್ಸ್ ಬಜಾರಕ್ಕ ಹೋಗಬೇಕ ನಾ. ಕೈಯಾಗ ಹಿಡಿದು ಬೆಚ್ಚಗ ಮಾಡ್ತೀನಿ, ಕೊಡಿಲ್ಲಿ."

ಎರಡು ನಿಮಿಷ ಅಂಗೈಯಲ್ಲಿ ಹಿಡಿದು ಬಿರಡೆ ಬಿಚ್ಚಿದರು. ಶರಣಬಸಮ್ಮ ನನ್ನ ಕಡೆ ನೋಡಿದರು. ನಾನು ಬ್ಯಾಚಿನ ಹಾಳೆಯಲ್ಲಿ 'ಅರ್ಧ ತಾಸು' ಎಂಬ ಜಾಗದಲ್ಲಿ ಟಿಕ್ ಹಾಕಿದೆ.

ಮರುದಿನ ಪೂಜೆ. ನಮ್ಮ ಕಡೆ ಟ್ರ್ಯಾಕ್ಟರಿಗೆ, ನೇಗಿಲಿಗೆ ಮಾಡುವ ಪೂಜೆಯನ್ನು ಇಲ್ಲಿ ಸೂಕ್ಷ್ಮದರ್ಶಕಕ್ಕೆ, ಫ್ರಿಜ್ಜಿಗೆ, ಕಂಪ್ಯೂಟರಿಗೆ ಮಾಡುತ್ತಿದ್ದರು. ಸಾರ್ ಹೆಂಡತಿ ಅನುರಾಧಾ ಅವರು ಜರಿ ಸೀರೆ ಉಟ್ಟು ತಟ್ಟೆ ಹಿಡಿದು ಬಂದರು. ಶರಣಬಸಮ್ಮ ಬೆಳಿಗ್ಗೆಯೇ ಬಂದು ಎಲ್ಲ ಗಾಜು ತೊಳೆದು ಒಣಗಿಸಿ ಸಾಲಾಗಿ ಇಟ್ಟಿದ್ದರು, ಸೂಕ್ಷ್ಮದರ್ಶಕಕ್ಕೆ ಹೂವಿನ ಹಾರ ಕಟ್ಟಿದ್ದರು. ಅರಿಶಿಣ ಕುಂಕುಮದ ಬಟ್ಟಲು ಎತ್ತಿಕೊಡಲು ಕೈ ಚಾಚಿದಾಗ ಅನುರಾಧಾ ಅವರು ಮೆತ್ತಗೇ ಹೇಳಿದರು.

"ಅದನ್ನ ನೀ ಮುಟ್ಟಬ್ಯಾಡ ಬಸಮ್ಮ. ತಪ್ಪು ತಿಳ್ಕೋಬ್ಯಾಡ. ವರ್ಷದ ಪೂಜಾ, ಹೊಸಾ ಗಿರಾಕಿ ಬಂದಾನ. ನೀ ಹೊರಗ ಕುಂತಿರು, ಪ್ರಸಾದ ಕಳಸ್ತೀನಿ."

ಶರಣಬಸಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, ಸೆರಗು ಸರಿ ಮಾಡಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತರು. ನಾವು ಹನ್ನೆರಡು ಜನ ಅಲ್ಲಿದ್ದೆವು. ಎಲ್ಲರಿಗೂ ಕೇಳಿಸಿತು. ಅನುರಾಧಾ ಅವರು ಒಂದೊಂದು ಯಂತ್ರಕ್ಕೂ ಅರಿಶಿಣ ಹಚ್ಚುತ್ತ ಬಂದರು. ಸ್ಲೈಡು ಅದ್ದುವ ಗಾಜಿನ ಜಾರನ್ನು ಕಂಡು, "ಕಳಸ ಇದ್ದಂಗ ಐತಲ್ಲ" ಎಂದು ಅದರ ಬಾಯಿಗೂ ಸುತ್ತ ಹಚ್ಚಿದರು.

ಹಬ್ಬದ ರಜೆಯ ನಡುವೆಯೇ ಸಾರ್ ಒಬ್ಬರೇ ಬಂದು ಪರೀಕ್ಷೆ ಮಾಡಿದರು. ಜಾರನ್ನು ಯಾರೋ ಹೊರಗಿನಿಂದಷ್ಟೇ ಒರೆಸಿದ್ದರು. ಶರಣಬಸಮ್ಮ ತೊಳೆದ ಜಾರು ಎಂದ ಮೇಲೆ ಇನ್ನೇನು ನೋಡುವುದು ಎಂದು ಮೆಥನಾಲು ಸುರಿದಿದ್ದಾರೆ. ಖಾಲಿ ಸ್ಲೈಡು ಮಾಡಲಿಲ್ಲ. ಚಿತ್ರಗಳು ಎಂದೂ ಬಾರದಷ್ಟು ಚೆನ್ನಾಗಿ ಬಂದವು. ರಜೆ ಮುಗಿದು ನಾವು ಹೋದಾಗ ಪೇಢೆ ಹಂಚಿ, ಪರದೆಯ ಮೇಲೆ ತೋರಿಸಿದರು. ಜೀವಕೋಶಗಳು ಎಳೆ ಹುಲ್ಲಿನ ಹಾಗೆ ಹಸಿರಾಗಿ ಹೊಳೆಯುತ್ತಿದ್ದವು.

"ಇಷ್ಟ ಯಾಕ ಹೊಳಿತಾವ್ರಿ?" ಎಂದು ಶರಣಬಸಮ್ಮ ಕೇಳಿದರು.

"ನಾ ಕಟ್ಟೀನಲ್ಲ, ಅದಕ" ಎಂದು ಸಾರ್ ನಕ್ಕರು.

ಶರಣಬಸಮ್ಮ ಪೇಢೆ ತಿನ್ನಲಿಲ್ಲ. ಮಧ್ಯಾಹ್ನ ನನ್ನನ್ನು ಕೈ ಹಿಡಿದು ಸೂಕ್ಷ್ಮದರ್ಶಕದ ಕೋಣೆಗೆ ಕರೆದುಕೊಂಡು ಹೋದರು. ಅದೇ ಜಾರಿನಲ್ಲಿ ಒಂದು ಖಾಲಿ ಸ್ಲೈಡು ಅದ್ದಿ ತಂದಿದ್ದರು. ಅದರಲ್ಲಿ ನಮ್ಮ ಮಾಲು ಒಂದು ಹನಿಯೂ ಇರಲಿಲ್ಲ. ಅದೂ ಅಷ್ಟೇ ಹಸಿರಾಗಿ ಹೊಳೆಯುತ್ತಿತ್ತು.

"ಈಗ ಇದನ್ನ ನೋಡ್ರಿ." ಪೂಜೆಯ ತಟ್ಟೆ ಇನ್ನೂ ಮೂಲೆಯಲ್ಲಿತ್ತು. ಅದರಿಂದ ಚಿಟಿಕೆ ಅರಿಶಿಣವನ್ನು ಬೇರೆ ಮೆಥನಾಲಿನಲ್ಲಿ ಕಲಸಿ, ಅದರಲ್ಲೊಂದು ಸ್ಲೈಡು ಅದ್ದಿದ್ದರು. ಅದೂ ಹಸಿರು. ಹೊಸ ಜಾರಿನಲ್ಲಿ ಬರೀ ಮೆಥನಾಲಿನಲ್ಲಿ ಅದ್ದಿದ ಮೂರನೆಯದು ಕಪ್ಪು. ನಾಲ್ಕನೆಯದನ್ನು ಹೊಸ ಜಾರಿನಲ್ಲಿ ಅದ್ದಿ, ಸಾರ್ ಕಟ್ಟಿದ ಮಾಲಿನಲ್ಲಿ ಉಳಿದದ್ದನ್ನು ಹಾಕಿದ್ದರು. ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ಮಂಕು ಹೊಳಪು, ಅಷ್ಟೇ.

"ಅರಿಶಿಣ ಈ ನೀಲಿ ಬೆಳಕಿನ್ಯಾಗ ಹಸಿರು ಹೊಳಿತೈತ್ರಿ. ಜಾರಿನ ಬಾಯಾಗಿಂದು ಇಳದೈತಿ. ಮಾಲು ಕಟ್ಟೇ ಇಲ್ಲ. ಚಳಿ ಬಿಡೋಮಟ ತಡೀರಿ ಅಂದ್ನಿ."

ನಾನು ಓದಿದವಳು. ನಾಲ್ಕು ಸ್ಲೈಡುಗಳಲ್ಲಿ ಇಷ್ಟು ನಿಚ್ಚಳವಾಗಿ ಒಂದು ಮಾತನ್ನು ಸಾಧಿಸಿ ತೋರಿಸಲು ನನಗೆ ಆಗುತ್ತಿರಲಿಲ್ಲ. ಇಬ್ಬರೂ ಸಾರ್ ಹತ್ತಿರ ಹೋದೆವು. ಅವರು ಬಂದು ನಾಲ್ಕನ್ನೂ ನೋಡಿದರು. ನಾಲ್ಕನೆಯದನ್ನು ಇನ್ನೊಮ್ಮೆ ನೋಡಿದರು.

"ಚಿತ್ರ ನಿನ್ನೇನ ಮೇಲ್ ಮಾಡೀನಿ. ಮಾಲು ಮುಂಜಾನೆ ಹೋತು."

"ಫೋನ್ ಮಾಡಿ ತಪ್ಪಾಗೇತಿ ಅನ್ರಲ್ಲ. ನಾ ಮೂರು ದಿನದಾಗ ಹೊಸಾದು ಕಟ್ಟಿ ಕೊಡ್ತೀನಿ" ಅಂದರು ಶರಣಬಸಮ್ಮ.

"ಮೊದಲ್ನೇ ಮಾಲಿಗೇ ತಪ್ಪಾಗೇತಿ ಅಂದ್ರ ಎರಡ್ನೇದು ಯಾರು ತಗೋತಾರ? ಮಂಕಾದ್ರೂ ಹೊಳಿತೈತಲ್ಲ. ನಡೀತೈತಿ. ನೀ ಜಾರು ತೊಳಿ, ಹೋಗು."

ನಡೆಯಲಿಲ್ಲ. ಮೂರು ವಾರಕ್ಕೆ ಜರ್ಮನಿಯಿಂದ ಪತ್ರ ಬಂತು. ಮಾಲು ನಿಮ್ಮ ಚಿತ್ರದ ಹಾಗೆ ಹೊಳೆಯುವುದಿಲ್ಲ. ಕಾರಣವೇನೆಂದು ಪತ್ತೆ ಮಾಡಿ, ತಪ್ಪು ಯಾರದು, ಏನು ಕ್ರಮ ಕೈಗೊಂಡಿರಿ ಎಂದು ವರದಿ ಕಳಿಸಿ. ಆಮೇಲೆ ಮುಂದಿನ ಮಾತು ಎಂದು ಬರೆದಿದ್ದರು.

ವರದಿಯನ್ನು ಸಾರ್ ಹೇಳಿದರು, ನಾನು ಬರೆದೆ. ಹೇಳುವಾಗ ಅವರ ಮುಖ ಗೋಡೆಯ ಕಡೆಗಿತ್ತು. ಪ್ರಯೋಗಾಲಯದ ಒಬ್ಬ ಹೆಲ್ಪರ್ ಬಣ್ಣದ ಸೀಸೆಯನ್ನು ತಣ್ಣಗಿರುವಾಗಲೇ ಬಿಚ್ಚಿದ್ದಾಳೆ. ಅದೇ ಹೆಲ್ಪರ್ ಧಾರ್ಮಿಕ ಆಚರಣೆಯ ದಿನ ಅನುಮತಿಯಿಲ್ಲದೆ ಪರೀಕ್ಷೆಯ ಜಾರಿಗೆ ಅರಿಶಿಣ ಹಚ್ಚಿದ್ದಾಳೆ. ಅವಳನ್ನು ಆ ಕೆಲಸದಿಂದ ತೆಗೆಯಲಾಗಿದೆ. ಆಮೇಲೆ ಹೆಸರು.

ನಾನು ಪೆನ್ನು ಕೆಳಗಿಟ್ಟೆ.

"ಬರಿ ವಿಜಯಶ್ರೀ. ನನ್ನ ಹೆಸರು ಬರದ್ರ ಕಂಪನಿ ಮುಚ್ಚತೈತಿ, ನಿನ್ನ ಕೆಲಸಾನೂ ಹೋಗ್ತೈತಿ. ಮನಿಯಾಕಿ ಹೆಸರು ಬರೀಲೇನು? ಬಸಮ್ಮಗ ಏನು ಡಿಗ್ರಿ ಐತೋ, ಏನು ಹೆಸರೈತೋ ಹೋಗಾಕ? ಕಳಸೂದು ಜರ್ಮನಿಗೆ. ಆಕಿ ಹೆಸರು ಅಲ್ಲಿ ಯಾರಿಗೆ ಗೊತ್ತು?"

ನಾನು ಬರೆದೆ. ತಯಾರು ಮಾಡಿದವರು ಎಂಬಲ್ಲಿ ನನ್ನ ಸಹಿ ಹಾಕಿದೆ. ತಪ್ಪು ಒಪ್ಪಿಕೊಂಡವರು ಎಂಬ ಜಾಗ ಖಾಲಿಯಿತ್ತು. ಶರಣಬಸಮ್ಮನನ್ನು ಕರೆಸಿದರು.

ಸಾರ್ ಸಹಿ ಮಾಡು ಎಂದು ಕೈಗೆ ಪೆನ್ನು ಕೊಟ್ಟರು. ಗಣಿತಕ್ಕೆ ಎರಡು ಸಲ ಕೂತ ಹೆಂಗಸು. ಓದದೆ ಸಹಿ ಮಾಡುವವರಲ್ಲ. ಬೆರಳು ಇಟ್ಟುಕೊಂಡು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದತೊಡಗಿದರು. ಅರಿಶಿಣಕ್ಕಿದ್ದ ಇಂಗ್ಲಿಷ್ ಶಬ್ದ ಮಾತ್ರ ತಿಳಿಯಲಿಲ್ಲ. ನನ್ನನ್ನು ಕೇಳಿದರು. ನಾನು ಹೇಳಿದೆ.

"ಸರ್, ಅವತ್ತು ನಿಮ್ಮ ಮನಿ ಅಕ್ಕೋರು ನನಗ ಅರಿಶಿಣ ಮುಟ್ಟಬ್ಯಾಡ ಅಂದ್ರು. ನಾ ಮುಟ್ಟಲಿಲ್ಲ. ಮೆಟ್ಟಿಲ ಮ್ಯಾಲ ಕುಂತಿದ್ನಿ. ಹನ್ನೆರಡು ಮಂದಿ ನೋಡ್ಯಾರ."

"ಗೊತ್ತೈತಿ ಬಸಮ್ಮ."

"ಗಂಡ ಸತ್ತಾಕಿ, ಮುಟ್ಟಬಾರದು ಅಂದ್ರಿ. ಆತು, ಒಪ್ಪಿಕೊಂಡ್ನಿ. ಈಗ ಮುಟ್ಟೀನಿ ಅಂತೀರಿ. ಎರಡರಾಗ ಒಂದರ ಖರೇ ಇರಬೇಕಲ್ರಿ?"

"ಇದು ಬರೀ ಕಾಗದ. ನಿನ್ನ ಕೆಲಸಕ್ಕ ಧಕ್ಕೆ ಇಲ್ಲ. ಗಾಜು ತೊಳಕೋತ ಆರಾಮ ಇರು."

"ಮತ್ತ ನನ್ನ ಆರ್ಡರು?"

ಸಾರ್ ವರದಿಯನ್ನು ಅವರ ಕಡೆ ಇನ್ನಷ್ಟು ಸರಿಸಿದರು. ಮಾಲು ಕೆಡಿಸಿದವಳೆಂದು ಬರೆದವಳನ್ನು ಅದೇ ತಿಂಗಳು ಟೆಕ್ನಿಷಿಯನ್ ಮಾಡಲು ಬರುತ್ತದೆಯೇ? ಅದು ಶರಣಬಸಮ್ಮನಿಗೂ ತಿಳಿಯಿತು. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ನನ್ನ ಕಡೆ ತಿರುಗಿ, "ಅಕ್ಷರ ಚಂದ ಅದಾವ್ರಿ ಅಕ್ಕೋರೆ" ಅಂದು ಹೊರಗೆ ಹೋದರು. ಮರುದಿನದಿಂದ ಬರಲಿಲ್ಲ. ಅವರ ಸಹಿಯ ಜಾಗದಲ್ಲಿ 'ಕೆಲಸ ಬಿಟ್ಟಿದ್ದಾಳೆ' ಎಂದು ಬರೆದು ವರದಿ ಕಳಿಸಿದೆವು. ಜರ್ಮನಿಯವರಿಗೆ ಸಮಾಧಾನವಾಯಿತು. ಎರಡನೆಯ ಆರ್ಡರು ಬಂತು.

ಆದರೆ ಕಟ್ಟುವವರಿರಲಿಲ್ಲ. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಪುಸ್ತಕ ನೋಡಿ ಮಾಡಿದ ನಾಲ್ಕು ಬ್ಯಾಚುಗಳು ಕೆಟ್ಟವು. ಬೇಸಿಗೆಯ ಹೊತ್ತಿಗೆ ಸಾರ್ ನನ್ನನ್ನು ಕರೆದು, "ಬಸಮ್ಮ ಎಲ್ಲಿದ್ದಾಳೋ ನೋಡು. ಒಂದು ತಿಂಗಳು ಬಂದು ಇವರಿಗೆ ಕಲಿಸಿ ಹೋಗಲಿ" ಅಂದರು.

ಗುರುದೇವಿ ವಿಳಾಸ ಹೇಳಿದಳು. ನಾನಕರಾಮಗುಡದ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ನೆಲ ಒರೆಸುವ ಕೆಲಸ. ಮಧ್ಯಾಹ್ನ ಹಿಂದಿನ ಗೇಟಿನ ಬಳಿ ಹೋದಾಗ, ನೀಲಿ ಸಮವಸ್ತ್ರ ಹಾಕಿಕೊಂಡು ಇನ್ನಿಬ್ಬರ ಜೊತೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದರು, ಒಂದು ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿ ಹಾಕಿ ಕೈಗಿಟ್ಟರು. ನಾನು ಬಂದ ಕಾರಣ ಹೇಳಿದೆ.

"ಏನಂತ ಬರ್ಲಿ? ಕಾಗದದಾಗ?"

"ಹೆಲ್ಪರ್ ಅಂತ. ಒಂದು ತಿಂಗಳಿಗೆ."

"ನಾ ಕಲಿಸೋ ಹುಡುಗೇರು?"

"ಅವರು ಟೆಕ್ನಿಷಿಯನ್."

ಜೊತೆಗಿದ್ದವಳೊಬ್ಬಳು ತೆಲುಗಿನಲ್ಲಿ ಏನೋ ಕೇಳಿದಳು. ಇವರು, "ಏಮೀ ಲೇದು, ಪಾತ ಆಫೀಸು" ಎಂದು, ಏನಿಲ್ಲ, ಹಳೆಯ ಆಫೀಸು ಅಂತ ಹೇಳಿ ಮತ್ತೆ ನನ್ನ ಕಡೆ ತಿರುಗಿದರು.

"ಆ ರಿಪೋರ್ಟು ಫೈಲಿನ್ಯಾಗ ಐತೇನ್ರಿ ಇನ್ನ?"

"ಐತಿ."

"ನನ್ನ ಹೆಸರು?"

"ಐತಿ ಬಸಮ್ಮಕ್ಕ."

"ಮಾಲು ಕೆಡಿಸಿದಾಕಿ ಅಂತ ನೀವ ಬರದೀರಿ. ಕೆಡಿಸಿದಾಕಿ ಕಡಿಂದ ಕಲತು ಆ ಹುಡುಗೇರು ಏನು ಚಲೋ ಮಾಡ್ತಾವ್ರಿ? ಹೋಗಿ ಸರ್‌ಗೆ ಹೇಳ್ರಿ, ಖರೇ ಏನೈತಿ ಅದನ್ನ ಬರದು ಜರ್ಮನಿಗೆ ಕಳಸ್ರಿ ಅಂತ. ಮರುದಿನ ಬಂದು ಪುಕ್ಕಟ ಕಲಸ್ತೀನಿ."

ಒಳಗಿನಿಂದ ಸೂಪರ್‌ವೈಜರ್ ಕೂಗಿದ. ಅವರು ಡಬ್ಬಿ ಮುಚ್ಚಿ, ಕೈ ತೊಳೆದುಕೊಂಡು ಒಳಗೆ ಹೋದರು.

ಆಫೀಸಿಗೆ ಮರಳಲು ಬಸ್ಸು ಸಿಗಲಿಲ್ಲ. ಬಿಸಿಲಲ್ಲಿ ಬಹಳ ದೂರ ನಡೆದೆ. ಸಾರ್‌ಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಹೋಗಿ ಅವರ ಎದುರು ನಿಂತಾಗ, ಬಸಮ್ಮ ಬರುವುದಿಲ್ಲವಂತೆ ಎಂದಷ್ಟೇ ಹೇಳಿದೆ.

"ಸೊಕ್ಕು ನೋಡು" ಅಂದರು ಸಾರ್.

ನಾನು ಹೂಂ ಅಂದೆ.